ಫೋಟೋಗೆಂದು ಪ್ರಿಂಟರ್ ಕೊಳ್ಳುವ ಮುನ್ನ ಕಪ್ಪು ಇಂಕಿನ ಬಾಟಲಿ ನೋಡಿ

ನಾಮಕರಣದ 200 ಫೋಟೋಗಳನ್ನು ಮನೆಯಲ್ಲೇ ಪ್ರಿಂಟ್ ಹಾಕಿ ನೆಂಟರಿಗೆಲ್ಲ ಹಂಚೋಣ ಎಂದು ಒಂದು ಮನೆಯವರು ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ತಂದರು. ‘4800 ಡಿಪಿಐ ಇದೆ ಸರ್, ಸ್ಟುಡಿಯೋ ಕ್ವಾಲಿಟಿನೇ ಬರುತ್ತೆ’ ಎಂದು ಅಂಗಡಿಯಲ್ಲಿ ಹೇಳಿದ್ದರು. ಡಬ್ಬಿಯ ಮೇಲೂ ಅದೇ ಅಂಕಿ ದಪ್ಪ ಅಕ್ಷರದಲ್ಲಿತ್ತು. ಮೊದಲ ಗ್ಲಾಸಿ ಪ್ರಿಂಟ್ ಹೊರಗೆ ಬಂದಾಗ ಮಗುವಿನ ತಲೆಗೂದಲು ಕಪ್ಪಗಿರಲಿಲ್ಲ, ಹಸಿರು ಬೆರೆತ ಕಂದಾಗಿತ್ತು. ತಾಯಿ ಉಟ್ಟಿದ್ದ ಇಳಕಲ್ ಸೀರೆಯ ಕಡುಗೆಂಪು ಸೆರಗು ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಕೆನ್ನೆಯ ಮೇಲೆ ರವೆ ಉದುರಿಸಿದ ಹಾಗೆ ಚುಕ್ಕೆ ಚುಕ್ಕೆ. ಆರು ತಿಂಗಳು ಕಳೆಯುವುದರೊಳಗೆ ಇಂಕ್ ಸಿಂಪಡಿಸುವ ಹೆಡ್ ಕಟ್ಟಿಕೊಂಡು ಯಂತ್ರ ಮೂಲೆ ಸೇರಿತು.

ಯಂತ್ರವೇನೂ ಕೆಟ್ಟದ್ದಲ್ಲ. ಶಾಲೆಯ ಪ್ರಾಜೆಕ್ಟು, ಆಧಾರ್ ಜೆರಾಕ್ಸು, ಅರ್ಜಿ ಫಾರಂಗಳಿಗೆಂದು ಮಾಡಿದ್ದನ್ನು ಫೋಟೋಗೆ ಎಂದು ಮಾರಿದರು, ಇವರು ನಂಬಿದರು. ಇಂಥದ್ದು ಪದೇ ಪದೇ ಆಗುತ್ತಿರುವುದರಿಂದ, ಎಲ್ಲೆಲ್ಲಿ ಎಡವಿದರು, ಯಾಕೆ ಹಾಗಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಆ ಕಪ್ಪಿನ ವಿಷಯ. ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್ ಎಂದರೆ ಸಕ್ಕರೆ ಕರಗಿದಂತೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಇಂಕ್ ಎಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಪುಡಿ. ಮಾಮೂಲಿ ಬಿಳಿ ಹಾಳೆಯ ಮೇಲೆ ಅಕ್ಷರ ಚೂಪಾಗಿ ಬರಲಿ, ಒದ್ದೆಯಾದರೂ ಹರಡದಿರಲಿ ಎಂದು ಅನೇಕ ನಾಲ್ಕು ಬಣ್ಣದ ಯಂತ್ರಗಳಲ್ಲಿ ಕಪ್ಪನ್ನು ಮಾತ್ರ ಪಿಗ್ಮೆಂಟ್ ಇಟ್ಟು, ಉಳಿದ ಮೂರನ್ನು ಡೈ ಇಡುತ್ತಾರೆ. ಈ ಕಪ್ಪು ಹೊಳಪಿನ ಪೇಪರಿನೊಳಗೆ ಇಳಿಯುವುದಿಲ್ಲ, ಮೇಲೆಯೇ ಪುಡಿಯಾಗಿ ಕೂರುತ್ತದೆ. ಹಾಗಾಗಿ ‘ಗ್ಲಾಸಿ’ ಎಂದು ಆರಿಸಿದ ಕೂಡಲೇ ಇಂಥ ಯಂತ್ರ ಕಪ್ಪು ಬಾಟಲಿಯನ್ನು ಮುಟ್ಟುವುದನ್ನೇ ಬಿಟ್ಟು, ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ ಮೂರನ್ನು ಬೆರೆಸಿ ಕಪ್ಪು ಮಾಡಲು ಹೊರಡುತ್ತದೆ. ಆ ಮಿಶ್ರಣ ಎಂದೂ ಗಾಢ ಕಪ್ಪಾಗುವುದಿಲ್ಲ. ಮೂರರಲ್ಲಿ ಒಂದು ತುಸು ಹೆಚ್ಚಾದರೂ ಕೂದಲು, ಕೋಟು, ರಾತ್ರಿಯ ಆಕಾಶ ಎಲ್ಲಕ್ಕೂ ಹಸಿರೋ ಕಂದೋ ಛಾಯೆ ಹತ್ತುತ್ತದೆ. ಅಜ್ಜ ಅಜ್ಜಿಯ ಹಳೆಯ ಕಪ್ಪು ಬಿಳುಪು ಫೋಟೋ ಸ್ಕ್ಯಾನ್ ಮಾಡಿ ತೆಗೆಯುವವರಿಗೆ ಇದು ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ದೂರು ಹೇಳಿದಾಗ ಅಂಗಡಿಯಿಂದ ಬಂದ ಸಲಹೆ: ‘ಪೇಪರ್ ಟೈಪ್ ಪ್ಲೇನ್ ಅಂತ ಇಡಿ, ಕಪ್ಪು ಚೆನ್ನಾಗಿ ಬರುತ್ತೆ.’ ಕಪ್ಪು ಬಂತು, ನಿಜ. ಅರ್ಧ ಗಂಟೆ ಬಿಟ್ಟು ಅಜ್ಜಿ ಫೋಟೋ ಹಿಡಿದು ನೋಡಿ ಹೆಬ್ಬೆರಳು ಸರಿಸಿದರು. ಮಗುವಿನ ಕೂದಲಿನಿಂದ ಹಣೆಯ ಮೇಲೆ ಹಾದು ಕೆನ್ನೆಯವರೆಗೆ ಕಾಡಿಗೆ ಎಳೆದಂಥ ಗೆರೆ ಬಿತ್ತು. ದಯವಿಟ್ಟು ಯಾರೂ ಈ ಸಲಹೆ ಕೇಳಬೇಡಿ. ಆ ಸೆಟ್ಟಿಂಗ್‌ನಲ್ಲಿ ಇಂಕಿನ ಪ್ರಮಾಣವೂ ಬಿಳಿ ಹಾಳೆಗೆ ಲೆಕ್ಕ ಹಾಕಿದ್ದು, ಆದ್ದರಿಂದ ಉಳಿದ ಬಣ್ಣಗಳೂ ಹದ ತಪ್ಪುತ್ತವೆ.

ಕೊಳ್ಳುವ ಮೊದಲೇ ಇದನ್ನು ತಿಳಿಯುವುದು ಕಷ್ಟವಲ್ಲ. ಕಂಪನಿಯ ವಿವರಪಟ್ಟಿಯಲ್ಲಿ ಇಂಕ್ ಎಂಬ ಸಾಲಿನಲ್ಲಿ ಪ್ರತಿ ಬಣ್ಣದ ಪಕ್ಕ ಡೈ ಅಥವಾ ಪಿಗ್ಮೆಂಟ್ ಎಂದು ಬರೆದಿರುತ್ತದೆ. ಅದು ಸಿಗದಿದ್ದರೆ ಬಾಟಲಿಗಳ ಅಳತೆ ನೋಡಿ: ಬಣ್ಣದವು 70 ಮಿ.ಲೀ., ಕಪ್ಪು ಮಾತ್ರ 135 ಮಿ.ಲೀ. ಎಂದಿದ್ದರೆ ಆ ಕಪ್ಪು ಹೆಚ್ಚಾಗಿ ಅಕ್ಷರಕ್ಕೆಂದೇ ಇಟ್ಟ ಪಿಗ್ಮೆಂಟ್.

ನಾಲ್ಕೂ ಡೈ ಆಗಿರುವ ಯಂತ್ರಗಳಿವೆ. ಅಲ್ಲಿ ಕಪ್ಪು ಸರಿಹೋಗುತ್ತದೆ, ಆದರೆ ಕೆನ್ನೆಯ ಮೇಲಿನ ರವೆ ಉಳಿಯುತ್ತದೆ. ಚರ್ಮದ ತಿಳಿ ಬಣ್ಣ ತರಲು ಯಂತ್ರ ಗಾಢ ಮಜೆಂಟಾ ಹನಿಗಳನ್ನು ದೂರ ದೂರ ಇಡಬೇಕು, ನಡುವೆ ಬಿಳಿ ಪೇಪರ್ ಕಾಣಬೇಕು. ಆ ಬಿಡಿ ಹನಿಗಳೇ ಕಣ್ಣಿಗೆ ಕಾಣುವ ಚುಕ್ಕೆ. ಆರು ಬಣ್ಣದ ಯಂತ್ರದಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಎಂಬ ಎರಡು ಹೆಚ್ಚುವರಿ ಬಾಟಲಿ ಇರುತ್ತವೆ. ತಿಳಿ ಜಾಗಕ್ಕೆ ತಿಳಿ ಇಂಕನ್ನೇ ಒತ್ತೊತ್ತಾಗಿ ಬಿಡುವುದರಿಂದ ಕೆನ್ನೆ ನುಣುಪಾಗಿ ಬರುತ್ತದೆ. ಹನಿಯ ಗಾತ್ರವೂ ಮುಖ್ಯ: 3 ಪಿಕೊಲೀಟರ್ (ಪಿಕೊಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು) ಹನಿಗೂ 1.5 ಪಿಕೊಲೀಟರ್ ಹನಿಗೂ ಮುಖದ ಮೇಲೆ ವ್ಯತ್ಯಾಸ ಎದ್ದು ಕಾಣುತ್ತದೆ. ಎ4 ಅಳತೆಯಲ್ಲಿ ಎಪ್ಸನ್ ಎಲ್8050 ಈ ತಿಳಿ ಬಣ್ಣಗಳ ಜಾತಿಯದು, ಎ3 ದಾಟಿದ ಅಳತೆ ಬೇಕೆಂದರೆ ಅದರ ದೊಡ್ಡಣ್ಣ ಎಲ್18050. ಕ್ಯಾನನ್ ಜಿ570, ಜಿ670ಗಳ ದಾರಿ ಬೇರೆ. ಮಾಮೂಲಿ ನಾಲ್ಕರ ಜೊತೆ ಕೆಂಪು ಮತ್ತು ಬೂದು ಬಣ್ಣ ಕೊಡುತ್ತವೆ. ಕಪ್ಪು ಬಿಳುಪು ಹೆಚ್ಚು ತೆಗೆಯುವವರಿಗೆ ಆ ಬೂದು ಇಂಕ್ ದೊಡ್ಡ ಅನುಕೂಲ, ರೇಷ್ಮೆ ಸೀರೆಯ ಕೆಂಪಿಗೆ ಆ ಕೆಂಪು.

ಡಿಪಿಐ ಅಂಕಿಗೆ ಮರುಳಾಗಬೇಡಿ. 4800, 5760 ಎನ್ನುವುದು ಒಂದು ಇಂಚಿನಲ್ಲಿ ಎಷ್ಟು ಕಡೆ ಹನಿ ಬಿಡಬಹುದು ಎಂಬ ಲೆಕ್ಕ ಅಷ್ಟೆ. ಒಂದು ಪಿಕ್ಸೆಲ್‌ನ ಬಣ್ಣ ಕಟ್ಟಲು ಹಲವು ಹನಿ ಸೇರಬೇಕು. ಡೈ ಸಬ್ಲಿಮೇಷನ್, ಅಂದರೆ ರಿಬ್ಬನ್ನಿನ ಬಣ್ಣವನ್ನು ಬಿಸಿಯಿಂದ ಪೇಪರಿಗೆ ಹತ್ತಿಸುವ ಯಂತ್ರವಾದ ಕ್ಯಾನನ್ ಸೆಲ್ಫಿ ಸಿಪಿ1500ದ ಡಿಪಿಐ ಬರೀ 300. ಆದರೂ ಅದರ ಪ್ರಿಂಟ್ ನುಣುಪು, ಯಾಕೆಂದರೆ ಅಲ್ಲಿ ಒಂದೊಂದು ಚುಕ್ಕೆಯೂ ಪ್ರತಿ ಬಣ್ಣದಲ್ಲಿ 256 ಹಂತದ ಗಾಢತೆ ತೋರಿಸಬಲ್ಲದು.

ಇನ್ನು ಫೋಟೋದ ಕಡೆಯ ತಪ್ಪು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 4×6 ಇಂಚಿಗೆ 1200×1800 ಪಿಕ್ಸೆಲ್ ಸಾಕು, ಎ4ಗೆ 2480×3508 ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಚಿಕ್ಕ ಪ್ರಿಂಟಿಗೆ ಹೇಗೋ ನಡೆದೀತು, ಎ4ಗೆ ಹಿಗ್ಗಿಸಿದರೆ ಇಂಚಿಗೆ 137 ಮಾತ್ರ ಸಿಗುತ್ತದೆ, ಮುಖ ಮಸುಕಾಗುತ್ತದೆ. ಫೋಟೋ ತೆಗೆದವರಿಂದ ‘ಡಾಕ್ಯುಮೆಂಟ್’ ಆಗಿ ಕಳಿಸಿಕೊಳ್ಳಿ, ಕಡತ ಇದ್ದ ಹಾಗೇ ಬರುತ್ತದೆ. ಇನ್ನೊಂದು, ಮೊಬೈಲ್ ಚಿತ್ರದ ಆಕಾರ 4:3, ಪೇಪರಿನದು 3:2. ಅಂಚಿಲ್ಲದ ಪ್ರಿಂಟ್ ಆರಿಸಿದರೆ ಎತ್ತರದಲ್ಲಿ ಅರ್ಧ ಇಂಚು, ಅಂದರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿ ಹೋಗುತ್ತದೆ. ಗುಂಪಿನ ಫೋಟೋದಲ್ಲಿ ಹಿಂದೆ ನಿಂತ ಮಾವಂದಿರ ತಲೆ ಹೋಗುವುದು ಹೀಗೆ. ಮೊದಲೇ ಮೊಬೈಲಿನಲ್ಲಿ 3:2ಕ್ಕೆ ನೀವೇ ಕತ್ತರಿಸಿ, ಏನು ಉಳಿಯಬೇಕು ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಪೇಪರಿನಲ್ಲಿ ಮೋಸ ಹೋಗುವುದು ಜಾಸ್ತಿ. ‘ಫೋಟೋ ಗ್ಲಾಸಿ 180 ಜಿಎಸ್‌ಎಂ’ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಎಂದು ಅಗ್ಗಕ್ಕೆ ಸಿಗುವುದು ಬಹುತೇಕ ಮಾಮೂಲಿ ಕಾಗದಕ್ಕೆ ಹೊಳಪು ಬಳಿದದ್ದು. ಇಂಕ್ ಬಿದ್ದ ಮೇಲೆ ಹಪ್ಪಳದ ಹಾಗೆ ಸುರುಳಿಯಾಗುತ್ತದೆ, ಗಾಢ ಬಣ್ಣದಲ್ಲಿ ಕಲೆ ಕಲೆ ಕಾಣುತ್ತದೆ. ಒಳ್ಳೆಯದು ಆರ್‌ಸಿ (ರೆಸಿನ್ ಕೋಟೆಡ್) ಪೇಪರ್. ಅದರಲ್ಲಿ ಕಾಗದದ ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ಪದರವಿದ್ದು, ಮೇಲೆ ಇಂಕ್ ಹೀರುವ ಲೇಪನ ಇರುತ್ತದೆ, ತೂಕ ಸಾಮಾನ್ಯವಾಗಿ 230ರಿಂದ 270 ಜಿಎಸ್‌ಎಂ. ಗುರುತು ಸುಲಭ: ಹಿಂಬದಿ ಸವರಿದರೆ ನುಣುಪಾಗಿ ಪ್ಲಾಸ್ಟಿಕ್‌ನಂತಿರುತ್ತದೆ, ಮೂಲೆ ಹರಿದರೆ ಅಂಚಿನಲ್ಲಿ ತೆಳು ಪೊರೆ ಎಳೆದುಕೊಂಡು ಬರುತ್ತದೆ. ಪ್ರಿಂಟಾಗುವ ಬದಿ ಯಾವುದೆಂದು ಸಂದೇಹವಿದ್ದರೆ ತುಸು ಒದ್ದೆ ಬೆರಳನ್ನು ಮೂಲೆಗೆ ಒತ್ತಿ, ಅಂಟುವುದು ಲೇಪನದ ಬದಿ. ದಪ್ಪ ಪೇಪರ್ ಹಿಂದಿನ ಟ್ರೇಯಿಂದ ಹೆಚ್ಚು ಬಾಗದೆ ಇಳಿಯುವಂಥ ಯಂತ್ರವೇ ಆಗಬೇಕು. ಮುಂದಿನ ಕ್ಯಾಸೆಟ್ಟಿನಿಂದ ಹಿಂದಕ್ಕೆ ಹೋಗಿ ಸುತ್ತಿ ಬರುವ ದಾರಿಯಲ್ಲಿ ದಪ್ಪ ಪೇಪರ್ ಸಿಕ್ಕಿಕೊಳ್ಳುತ್ತದೆ, ರೋಲರಿನ ಗುರುತು ಬೀಳುತ್ತದೆ. ಇಂಕ್‌ಜೆಟ್ ಗ್ಲಾಸಿ ಪೇಪರನ್ನು ಲೇಸರ್ ಪ್ರಿಂಟರಿಗೆ ಮಾತ್ರ ಯಾವತ್ತೂ ಹಾಕಬೇಡಿ. ಒಳಗಿನ ಬಿಸಿ ರೋಲರಿಗೆ ಆ ಲೇಪನ ಕರಗಿ ಅಂಟಿಕೊಂಡರೆ ಫ್ಯೂಸರ್ ಎಂಬ ಆ ಬಿಸಿ ಭಾಗವನ್ನೇ ಬಿಚ್ಚಿ ಬದಲಿಸುವುದೇ ಗತಿ.

ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಸರಿಯಾಗಿ ಆರಿಸಿ, ಕ್ವಾಲಿಟಿ ‘ಹೈ’ ಇಡಿ. ಬಣ್ಣ ತಿದ್ದುವ ಕೆಲಸ ಒಂದೇ ಕಡೆ ಇರಲಿ. ಫೋಟೋ ತಂತ್ರಾಂಶವೂ ಪ್ರಿಂಟರ್ ಡ್ರೈವರೂ ಎರಡೂ ತಿದ್ದಿದರೆ ಮುಖಗಳೆಲ್ಲ ಕೆಂಪಾಗುತ್ತವೆ. ಮೊಬೈಲಿನ ಬೆಳಕನ್ನು ಪೂರ್ತಿ ಏರಿಸಿ ನೋಡಿ ಪ್ರಿಂಟ್ ಕಪ್ಪಗೆ ಬಂತು ಎಂದು ದೂರುವವರು ಬೆಳಕನ್ನು ಅರ್ಧಕ್ಕೆ ಇಳಿಸಿ ಹೋಲಿಸಬೇಕು.

ಈಗ ಆ ಯಂತ್ರ ಸತ್ತ ಕಥೆ. ಅವರ ಮನೆಯಲ್ಲಿ ಪ್ರಿಂಟ್ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸವಿತ್ತು. ಟಿವಿ, ಮಿಕ್ಸಿಗೆ ಇದು ಒಳ್ಳೆಯ ಅಭ್ಯಾಸ, ಪ್ರಿಂಟರಿಗೆ ವಿಷ. ಯಂತ್ರದ ಮೇಲಿನ ಬಟನ್ ಒತ್ತಿ ಆರಿಸಿದಾಗ ಹೆಡ್ ಮೂಲೆಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಕೂದಲಿಗಿಂತ ಸಣ್ಣ ರಂಧ್ರಗಳಿಗೆ ಗಾಳಿ ತಾಗುವುದಿಲ್ಲ. ಗೋಡೆಯ ಸ್ವಿಚ್ ತೆಗೆದಾಗ ಹೆಡ್ ಇನ್ನೂ ಹೊರಗಿದ್ದರೆ ಅಲ್ಲೇ ನಿಲ್ಲುತ್ತದೆ, ಇಂಕ್ ಒಣಗಿ ಗಟ್ಟಿಯಾಗುತ್ತದೆ. ಫ್ಯಾನಿನ ಕೆಳಗೆ, ಕಲಬುರಗಿ ರಾಯಚೂರಿನಂಥ ಕಡೆಯ ಏಪ್ರಿಲ್ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಪ್ರಿಂಟ್ ನಡುವೆ ಕರೆಂಟ್ ಹೋದರೆ, ಬಂದ ಮೇಲೆ ಯಂತ್ರವನ್ನು ಒಮ್ಮೆ ಆನ್ ಮಾಡಿ, ಸುಮ್ಮನಾದ ಮೇಲೆ ಅದರ ಬಟನ್‌ನಿಂದಲೇ ಆಫ್ ಮಾಡಿ.

ಅವರು ನಾಮಕರಣದ ನಂತರ ನಾಲ್ಕು ತಿಂಗಳು ಅದನ್ನು ಮುಟ್ಟಿರಲಿಲ್ಲ. ಮತ್ತೆ ಹಚ್ಚಿದಾಗ ಬಿಳಿ ಗೆರೆ ಗೆರೆ. ಒಂದೇ ಸಂಜೆಯಲ್ಲಿ 11 ಸಲ ಹೆಡ್ ಕ್ಲೀನಿಂಗ್ ಕೊಟ್ಟರು. ಒಂದೊಂದು ಕ್ಲೀನಿಂಗೂ ಇಂಕನ್ನು ಹೀರಿ ಯಂತ್ರದೊಳಗಿನ ವೇಸ್ಟ್ ಪ್ಯಾಡಿಗೆ ಸುರಿಯುತ್ತದೆ. ಟ್ಯಾಂಕ್ ಕಣ್ಣೆದುರೇ ಇಳಿಯಿತು, ಗೆರೆ ಹೋಗಲಿಲ್ಲ. ಮಾಡಬೇಕಾದ ಕ್ರಮ ಹೀಗೆ: ಮೊದಲು ಹೆಡ್‌ನ ರಂಧ್ರಗಳನ್ನು ಪರೀಕ್ಷಿಸುವ ನಾಜಲ್ ಚೆಕ್ ಪುಟ ತೆಗೆದು ಯಾವ ಬಣ್ಣ ತುಂಡಾಗಿದೆ ನೋಡಿ. ಒಂದು ಕ್ಲೀನಿಂಗ್, ಮತ್ತೆ ನಾಜಲ್ ಚೆಕ್. ಮೂರು ಸಲಕ್ಕೂ ಬಿಡದಿದ್ದರೆ ನಿಲ್ಲಿಸಿ, ಬಟನ್‌ನಿಂದ ಆರಿಸಿ, 12 ಗಂಟೆ ಬಿಡಿ. ರಾತ್ರಿಯಿಡೀ ಮುಚ್ಚಳದ ತೇವದಲ್ಲಿ ಕೂತ ಹೆಡ್ ಬೆಳಿಗ್ಗೆ ಒಂದೇ ಕ್ಲೀನಿಂಗ್‌ಗೆ ಬಿಡುವುದು ಎಷ್ಟೋ ಸಲ ಉಂಟು. ಕೊಳವೆಯ ಇಂಕನ್ನೆಲ್ಲ ಜೋರಾಗಿ ಎಳೆದು ಹೊರಹಾಕುವ ಪವರ್ ಕ್ಲೀನಿಂಗ್ ಕಡೆಯ ಅಸ್ತ್ರ. ಟ್ಯಾಂಕುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಂಕ್ ಇಟ್ಟುಕೊಂಡು ಅದನ್ನು ಒತ್ತಿದರೆ ಕೊಳವೆಗೆ ಗಾಳಿ ಹೊಕ್ಕು ಇನ್ನೊಂದು ತಲೆನೋವು.

ವೇಸ್ಟ್ ಪ್ಯಾಡ್ ತುಂಬಿತೆಂದು ಲೆಕ್ಕ ಬಂದ ದಿನ ಯಂತ್ರ ಸಂದೇಶ ತೋರಿಸಿ ನಿಂತುಬಿಡುತ್ತದೆ. ಕೆಲವು ಮಾದರಿಗಳಲ್ಲಿ ಮೆಂಟೆನೆನ್ಸ್ ಬಾಕ್ಸ್ ಎಂಬ ಡಬ್ಬಿ ಇದ್ದು ನಾವೇ ಬದಲಿಸಬಹುದು. ಉಳಿದವನ್ನು ಸರ್ವಿಸ್ ಸೆಂಟರಿಗೆ ಹೊರಬೇಕು. ಕೊಳ್ಳುವಾಗಲೇ ಕೇಳಿ. ‘ರಿಸೆಟ್ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ’ ಎನ್ನುವವರು ಬರೀ ಲೆಕ್ಕವನ್ನು ಸೊನ್ನೆ ಮಾಡುತ್ತಾರೆ, ತುಂಬಿದ ಪ್ಯಾಡ್ ಹಾಗೇ ಇರುತ್ತದೆ, ಮುಂದೊಂದು ದಿನ ಕೆಳಗಿನಿಂದ ಇಂಕ್ ಮೇಜಿನ ಮೇಲೆ ಸೋರುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರನ್ನು ಸ್ಕೂಟರಿನಲ್ಲಿ ಓರೆಯಾಗಿ ಇಟ್ಟುಕೊಂಡು ಹೋಗಿ ಒಳಗೆಲ್ಲ ಚೆಲ್ಲಿಕೊಂಡವರೂ ಇದ್ದಾರೆ.

ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಒಂದು 4×6 ತೆಗೆಯುತ್ತೇವೆ ಎನ್ನುವವರು ಇಂಕ್‌ಜೆಟ್ ಕೊಳ್ಳಿ. ವರ್ಷಕ್ಕೆರಡು ಸಲ, ಹಬ್ಬಕ್ಕೋ ಮದುವೆಗೋ ಎನ್ನುವವರು ಕೊಳ್ಳಲೇಬೇಡಿ, ಲ್ಯಾಬಿಗೆ ಕೊಡಿ. ಅಲ್ಲಿ ಬೆಳಕಿನಿಂದ ಮೂಡಿಸುವ ಫೋಟೋ ಪೇಪರಿನ ಪ್ರಿಂಟ್ ಮನೆಯ ಡೈ ಇಂಕಿಗಿಂತ ಗಟ್ಟಿ. ಮನೆಯಲ್ಲೇ ಬೇಕು, ಅಪರೂಪಕ್ಕೆ ಬೇಕು ಎಂದರೆ ಸೆಲ್ಫಿಯಂಥ ಡೈ ಸಬ್ಲಿಮೇಷನ್ ಯಂತ್ರ ಸರಿ: ಇಂಕ್ ಇಲ್ಲ, ಒಣಗುವ ಮಾತಿಲ್ಲ. ರಿಬ್ಬನ್ನಿನಿಂದ ಹಳದಿ, ಮಜೆಂಟಾ, ಸಯಾನ್ ಒಂದೊಂದಾಗಿ ಹತ್ತಿ, ಕಡೆಗೆ ಪಾರದರ್ಶಕ ಲೇಪನ ಬೀಳುತ್ತದೆ. 108 ಪ್ರಿಂಟಿನ ಪೇಪರ್ ರಿಬ್ಬನ್ ಸೆಟ್ ಒಟ್ಟಿಗೇ ಸಿಗುತ್ತದೆ, ಹಾಗಾಗಿ ಒಂದಕ್ಕೆ ಎಷ್ಟೆಂದು ಭಾಗಿಸಿ ನೋಡಬಹುದು. ಅಳತೆ 100×148 ಮಿ.ಮೀ.ಗಿಂತ ದೊಡ್ಡದು ಬರುವುದಿಲ್ಲ. ಪೇಪರಿನ ಮೇಲೆ ಧೂಳು ಕೂತರೆ ಅಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಬಳಸಿದ ರಿಬ್ಬನ್ನನ್ನು ಹಾಗೇ ಕಸಕ್ಕೆ ಹಾಕಬೇಡಿ, ನೀವು ತೆಗೆದ ಪ್ರತಿ ಫೋಟೋದ ಅಚ್ಚೂ ಅದರಲ್ಲಿ ಉಳಿದಿರುತ್ತದೆ. ಕತ್ತರಿಸಿ ಹಾಕಿ.

ಡಬ್ಬಿಯ ಮೇಲಿನ ‘ಇಷ್ಟು ಸಾವಿರ ಪುಟ’ ಎಂಬುದು ಕಚೇರಿ ಕಾಗದದಂಥ ಪರೀಕ್ಷಾ ಪುಟಗಳ ಲೆಕ್ಕ, ಅವುಗಳಲ್ಲಿ ಬಿಳಿ ಜಾಗವೇ ಹೆಚ್ಚು. ಫೋಟೋ ಅಂಚಿನಿಂದ ಅಂಚಿಗೆ ಇಂಕ್ ಕುಡಿಯುತ್ತದೆ. ಬೇರೆ ಕಂಪನಿಯ ಅಗ್ಗದ ಇಂಕ್ ತುಂಬಿದ ಪ್ರಿಂಟ್ ಮೊದಲ ದಿನ ಚೆನ್ನಾಗಿಯೇ ಕಾಣಬಹುದು, ಗಾಜಿಲ್ಲದೆ ಗೋಡೆಗೆ ಹಚ್ಚಿದರೆ ಬೇಗ ಬಣ್ಣ ಮಾಸುತ್ತದೆ. ಯಾವ ಡೈ ಇಂಕಿನ ಪ್ರಿಂಟನ್ನೇ ಆದರೂ 24 ಗಂಟೆ ಒಣಗಿಸಿ, ನಂತರ ಗಾಜಿನ ಚೌಕಟ್ಟಿಗೆ ಹಾಕಿ. ಗಾಜು ನೇರ ತಾಗದಂತೆ ಸುತ್ತ ರಟ್ಟಿನ ಅಂಚು ಕೊಡಿ. ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡ ಫೋಟೋ ಮತ್ತೆ ಬಿಡುವುದಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಫೋಟೋ ಒಯ್ಯಿರಿ. ಅದರಲ್ಲಿ ಹತ್ತಿರದ ಮುಖ, ಕಪ್ಪು ಕೂದಲು, ಕಡುಗೆಂಪು ಸೀರೆ, ನೆರಳಿನ ಬೂದು ಗೋಡೆ ಇರಲಿ. ಒಳ್ಳೆಯ ಆರ್‌ಸಿ ಪೇಪರ್ ನಾಲ್ಕು ಹಾಳೆ ನೀವೇ ಒಯ್ದು, ಗ್ಲಾಸಿ ಸೆಟ್ಟಿಂಗ್ ಆರಿಸಿ ಎದುರಿಗೇ ತೆಗೆಸಿ. ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ಹಿಡಿಯಿರಿ. ಕೂದಲು ನೋಡಿ, ಕೆನ್ನೆ ನೋಡಿ, ಬೂದು ಗೋಡೆಗೆ ಹಸಿರು ಹತ್ತಿದೆಯೇ ನೋಡಿ. ಹತ್ತು ನಿಮಿಷ ಬಿಟ್ಟು ಕಪ್ಪಿನ ಮೇಲೆ ಹೆಬ್ಬೆರಳು ಸರಿಸಿ. ಪ್ರಿಂಟ್ ತೆಗೆದು ತೋರಿಸುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ. ಕೊಳ್ಳುವುದಾದರೆ ‘ಫೋಟೋ ಪ್ರಿಂಟಿಂಗ್‌ಗೆ’ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮುಂದೆ ತಕರಾರು ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಕೈಯಲ್ಲಿ ಹಿಡಿದು ಹೇಳಲು ಆ ಒಂದು ಸಾಲು ಬೇಕಾಗುತ್ತದೆ.