ದುಡ್ಡು ನಡೆಯದ ಕಾಲಕ್ಕೆ ಕುಲುಮೆಯ ಕತ್ತಿ ಎಷ್ಟು ಬಾಳುತ್ತದೆ?

ಕರೆಂಟು ಹೋಗಿ, ಘಾಟಿ ಮುಚ್ಚಿ, ಬ್ಯಾಂಕು ನಿಂತು, ಆ ಸ್ಥಿತಿ ವಾರಕ್ಕೆ ಮುಗಿಯದೆ ವರ್ಷಗಟ್ಟಲೆ ಎಳೆದರೆ ಸರಕಿಗೆ ಸರಕು ಕೊಟ್ಟೇ ಬದುಕಬೇಕು. ಅದಕ್ಕೆ ಏನು ಕೂಡಿಡಬೇಕು ಎಂದರೆ ಮೊದಲು ಬಾಯಿಗೆ ಬರುವುದು ಉಪ್ಪು. ತಪ್ಪಿಲ್ಲ; ಮಲೆನಾಡಿನಲ್ಲಿ ಉಪ್ಪು ಹುಟ್ಟುವುದಿಲ್ಲ, ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಆಗರಗಳಿಂದ ಘಟ್ಟ ಹತ್ತಿಯೇ ಬರಬೇಕು. ಆದರೆ ಗಾಳಿಯ ತೇವ ಶೇ. 75 ದಾಟಿತೆಂದರೆ ಉಪ್ಪು ನೀರೊಡೆಯುತ್ತದೆ. ಬಿಗಿ ಮುಚ್ಚಳದ ಭರಣಿ ಇಲ್ಲದಿದ್ದರೆ ಆಷಾಢ ಕಳೆಯುವುದರೊಳಗೆ ಮೂಟೆ ಕರಗಿ ನೆಲ ಸೇರುತ್ತದೆ. ಉಪ್ಪು ಒಮ್ಮೆ ಕೊಟ್ಟರೆ ಮುಗಿಯಿತು ಕೂಡ. ಕತ್ತಿ ಹಾಗಲ್ಲ, ಮೊಂಡಾದಾಗಲೆಲ್ಲ ಜನ ಕುಲುಮೆಗೆ ತಿರುಗಿ ಬರಲೇಬೇಕು.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಹಾರ್ಡ್‌ವೇರ್ ಅಂಗಡಿಯ ಬಣ್ಣ ಬಳಿದ ಕತ್ತಿಯೂ ಸಿಗುತ್ತದೆ, ಗಾಡಿಯ ಸ್ಪ್ರಿಂಗ್ ಪಟ್ಟಿ ಕಾಸಿ ಕುಲುಮೆಯಲ್ಲಿ ಬಡಿದದ್ದೂ ಸಿಗುತ್ತದೆ. ಸೊಪ್ಪು ಕಡಿಯಲು, ಬೇಲಿ ಸವರಲು, ಸೌದೆ ಸೀಳಲು ಎರಡನೆಯದೇ ಸರಿ. ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6 ಇರುತ್ತದೆ. ಸಾದಾ ಕಬ್ಬಿಣದಲ್ಲಿ ಅದರ ಅರ್ಧವೂ ಇರುವುದಿಲ್ಲ, ಎಷ್ಟು ಕಾಸಿ ಅದ್ದಿದರೂ ಅದಕ್ಕೆ ಹದ, ಅಂದರೆ ಬೇಕಾದ ಗಡಸು, ಏರದು. ಸಂಶಯ ಬಂದರೆ ಸಾಣೆಯ ಕಿಡಿ ನೋಡಿ: ಒಳ್ಳೆಯ ಪಟ್ಟಿಯ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ, ಸಾದಾ ಕಬ್ಬಿಣದ್ದು ಉದ್ದ ಗೆರೆಯಾಗಿ ಹೋಗಿ ಆರುತ್ತದೆ.

ಪಟ್ಟಿ ಹಳೆಯದಾದ್ದರಿಂದ ಅಪಾಯವೂ ಅದರಲ್ಲೇ ಇದೆ. ಲಕ್ಷಾಂತರ ಸಲ ಬಾಗಿ ಬಳಲಿದ ಉಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ, ಹೆಚ್ಚಾಗಿ ನಡುವಿನ ಬೋಲ್ಟ್ ತೂತಿನ ಸುತ್ತ. ಬಡಿಯುವ ಮೊದಲು ಪಟ್ಟಿಯ ತುಕ್ಕು ಉಜ್ಜಿ, ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ ಸುಣ್ಣದ ಪುಡಿ ಬಳಿಯಬೇಕು. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆದ್ದು ಬಿಳಿಯ ಮೇಲೆ ಗೆರೆ ಮೂಡುತ್ತದೆ. ಗೆರೆ ಬಂದ ತುಂಡು ಗುದ್ದಲಿಗೂ ಬೇಡ.

ಕತ್ತಿಯ ಆಯುಸ್ಸು ನಿಂತಿರುವುದು ಹದದ ಮೇಲೆ. ಪಟ್ಟಿ ಅಯಸ್ಕಾಂತಕ್ಕೆ ಅಂಟದಷ್ಟು ಕಾಯಬೇಕು. ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಇನ್ನೊಂದು ಛಾಯೆ ಕೆಂಪೇರಿದ ಮೇಲೆ ಅದ್ದಬೇಕು. ತಣ್ಣೀರಿಗೆ ಇಡೀ ಕತ್ತಿ ಅದ್ದಿದರೆ ಈ ಉಕ್ಕು ಟಿಣ್ಣೆಂದು ಸೀಳುವುದುಂಟು. ಕೈ ಮುಟ್ಟುವಷ್ಟು ಬೆಚ್ಚಗಿನ ಎಣ್ಣೆಯಲ್ಲಿ ಬಾಯಿಯ ಕಡೆ ಮಾತ್ರ ಅದ್ದಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿಯಲು ಬಿಡುವುದು ಬಲ್ಲವರ ಕ್ರಮ. ಉಜ್ಜಿ ಹೊಳಪು ಮಾಡಿದ ಬಾಯಿಯ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಹರಿದು ಬರುತ್ತವೆ. ಕಡಿಯುವ ಕತ್ತಿಗೆ ಕಂದು ಕಳೆದು ನೇರಳೆ ಕಾಣಿಸಿದ ಕೂಡಲೇ ಪೂರ್ತಿ ತಣಿಸಬೇಕು, ಸುಮಾರು 270 ಡಿಗ್ರಿ. ಹಳದಿಗೇ ನಿಲ್ಲಿಸಿದರೆ ಬಿದಿರಿನ ಗಂಟಿಗೆ ಬಾಯಿ ಹಲ್ಲು ಹಲ್ಲಾಗಿ ಉದುರುತ್ತದೆ. ನೀಲಿ ದಾಟಿದರೆ ಮಡಚುತ್ತದೆ.

ಕೊಳ್ಳುವವರು ಇದನ್ನು ಅರದಿಂದ (ಉಕ್ಕು ಉಜ್ಜುವ ಫೈಲ್) ತಿಳಿಯಬಹುದು. ಅರ ಜಾರಿದರೆ ಹದ ಅತಿಯಾಗಿದೆ, ಬೆಣ್ಣೆಯಂತೆ ಕಚ್ಚಿದರೆ ಹದವೇ ಇಲ್ಲ, ಸ್ವಲ್ಪ ಒತ್ತಿದ ಮೇಲೆ ಕಚ್ಚಿದರೆ ಸರಿ. ಹಿಡಿಯೊಳಗೆ ಹೋಗುವ ಬಾಲವನ್ನೂ ನೋಡಿ. ಈಚೆಗೆ ಬಾಲಕ್ಕೆ ಬೇರೆ ಸರಳು ವೆಲ್ಡ್ ಮಾಡಿ ಕೊಡುವವರಿದ್ದಾರೆ. ಇಂಗಾಲ ಹೆಚ್ಚಿರುವ ಉಕ್ಕು ವೆಲ್ಡಿನ ಪಕ್ಕದಲ್ಲಿ ಗಾಜಿನಂತಾಗುತ್ತದೆ, ಮರಕ್ಕೆ ಜೋರಾಗಿ ಬೀಸಿದ ಹೊತ್ತಿನಲ್ಲೇ ಅಲಗು ಹಾರುತ್ತದೆ. ಒಂದೇ ತುಂಡಿನಿಂದ ಎಳೆದ ಬಾಲವೇ ಇರಬೇಕು. ಹಿಡಿಯ ಮರ ಒಂದು ವರ್ಷವಾದರೂ ಒಣಗಿರಲಿ. ಹಸಿ ಮರ ಮಳೆಗಾಲದಲ್ಲಿ ಬಿಗಿಯಾಗಿ ಕಂಡರೂ ಮಾರ್ಚ್ ಬಂದಾಗ ಕುಗ್ಗಿ ಲೊಡಲೊಡ ಎನ್ನುತ್ತದೆ. ತೂತಿಗೆ ಅರಗು ಮತ್ತು ಇಟ್ಟಿಗೆ ಪುಡಿ ಬೆರೆಸಿ ತುಂಬಿದ್ದು ಒಳ್ಳೆಯದು. ಸಡಿಲವಾದರೆ ಕಾಸಿ ಮತ್ತೆ ಕೂರಿಸಬಹುದು.

ಇನ್ನು ಕುಲುಮೆಯನ್ನೇ ಅಳೆಯಬೇಕಾದ ಮಾತು. ಗಾಳಿ ಎಲ್ಲಿಂದ ಬರುತ್ತದೆ? ಬಹಳ ಕಡೆ ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ. ನಾವು ಹೇಳುತ್ತಿರುವ ಕಾಲದಲ್ಲಿ ಅಂಥ ಕುಲುಮೆಗೆ ಮೊದಲ ದಿನವೇ ಬೀಗ. ಕೈಯಲ್ಲಿ ತಿರುಗಿಸುವ ಬ್ಲೋವರ್ ಅಥವಾ ಚರ್ಮದ ತಿದಿ ಮೂಲೆಯಲ್ಲಾದರೂ ಇರುವ ಕುಲುಮೆಯನ್ನು ಈಗಲೇ ಗುರುತಿಸಿಟ್ಟುಕೊಳ್ಳಿ. ಇದ್ದಿಲು ಎರಡನೆಯ ಪ್ರಶ್ನೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಆಗುಂಬೆಯಂಥ ಕಡೆ ಜೂನ್‌ಗೆ ಮೊದಲೇ ಅಟ್ಟಕ್ಕೆ ಏರಿಸಿದ ಇದ್ದಿಲು ಮಾತ್ರ ಉರಿಯುತ್ತದೆ, ತೇವ ಹಿಡಿದದ್ದು ಹೊಗೆಯಾಡಿ ಕಾವು ಕೊಡದು.

ಹಣಿಸುವುದು, ಅಂದರೆ ಸವೆದ ಬಾಯಿಯನ್ನು ಕಾಸಿ ಬಡಿದು ತೆಳುಮಾಡುವುದು, ಕಮ್ಮಾರರ ವಿದ್ಯೆ, ಅದು ಬರಲು ವರ್ಷಗಳು ಬೇಕು. ಮಸೆಯುವುದನ್ನು ಯಾರಾದರೂ ಕೆಲವೇ ವಾರದಲ್ಲಿ ಕಲಿಯಬಹುದು, ವಿನಿಮಯಕ್ಕೆ ಇಷ್ಟು ಅಗ್ಗದ ಬಂಡವಾಳ ಬೇರೆ ಇಲ್ಲ. ಸೊಪ್ಪು ಸೌದೆಯ ಕತ್ತಿಗೆ ಒಂದೊಂದು ಪಕ್ಕಕ್ಕೆ 20ರಿಂದ 25 ಡಿಗ್ರಿ ಓರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಅದಕ್ಕಿಂತ ಕಿರಿದು. ಒಂದು ಬದಿ ಮಸೆಯುತ್ತ ಇನ್ನೊಂದು ಬದಿಯಲ್ಲಿ ಬಾಯಿಯುದ್ದಕ್ಕೂ ಮಡಚಿದ ಉಕ್ಕಿನ ಸಣ್ಣ ಮುಳ್ಳು ಕೈಗೆ ತಗುಲಿದ ಮೇಲೆ ಮಗ್ಗುಲು ಬದಲಿಸಬೇಕು. ಮೆಷಿನ್ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಯಾಯಿತೋ, ಹದ ಅಲ್ಲೇ ಹೋಯಿತು. ಆ ಭಾಗ ಸವೆಸಿ ತೆಗೆಯುವವರೆಗೂ ಹರಿತ ನಿಲ್ಲದು.

ಹಾಗಾಗಿ ಕೂಡಿಡುವುದಾದರೆ ಕತ್ತಿ ನಾಲ್ಕು ಸಾಕು. ಅದರ ಜೊತೆ ಹತ್ತಿಂಚಿನ ಅರಗಳು ಒಂದು ಡಜನ್, ಒರಟು ಮತ್ತು ನಯ ಎರಡೂ ಬಗೆಯ ಮಸೆಗಲ್ಲು, ಹ್ಯಾಕ್ಸಾ ಬ್ಲೇಡು, ಸ್ವಲ್ಪ ಅರಗು, ಹಳೆಯ ಸ್ಪ್ರಿಂಗ್ ಪಟ್ಟಿ ಇರಲಿ. ಅರಕ್ಕೆ ಮೊದಲ ಸ್ಥಾನ. ಅದರ ಹಲ್ಲು ಕೊಯ್ದು ಹದ ಕೊಡುವುದು ಊರ ಕುಲುಮೆಯಲ್ಲಿ ಆಗುವ ಕೆಲಸವಲ್ಲ. ಎಣ್ಣೆ ಕಾಗದದಲ್ಲಿ ಒಂದೊಂದಾಗಿ ಸುತ್ತಿಡಿ, ಒಂದಕ್ಕೊಂದು ತಾಗಿದರೆ ಹಲ್ಲು ಮುರಿಯುತ್ತವೆ.

ಕೂಲಿಯ ಲೆಕ್ಕಕ್ಕೆ ಹೊಸ ಪದ್ಧತಿ ಹುಡುಕಬೇಕಿಲ್ಲ. ಊರಿನ ಆಯಗಾರರಿಗೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದ ಆಯದ ಕ್ರಮದಲ್ಲಿ ಕಮ್ಮಾರರೂ ಇದ್ದರು. ವರ್ಷವಿಡೀ ಹಣಿಸಿ ಕೊಡುವುದು, ಕಣದಲ್ಲಿ ಭತ್ತ ಒಯ್ಯುವುದು. ಆಗಾಗ ಚೌಕಾಸಿ ಮಾಡುವುದಕ್ಕಿಂತ ಇದೇ ಇಬ್ಬರಿಗೂ ಹಿತ. ಆದರೆ ಕೊಳಗದ ಅಳತೆ ಊರಿಂದ ಊರಿಗೆ ಬೇರೆಯಾಗುತ್ತಿತ್ತು. ಮಾತು ಮುಗಿಸುವ ಮೊದಲು ಯಾರ ಕೊಳಗ, ತಲೆ ಗೀಚಿ ಅಳೆಯುವುದೋ ರಾಶಿ ಏರಿಸಿ ಅಳೆಯುವುದೋ ಎಂದು ಗೊತ್ತುಮಾಡಿಕೊಳ್ಳಿ.