ಬಯಲಾಟದ ರಾತ್ರಿಗೆ ಕ್ಯಾನನ್ 50 ಎಂಎಂ ಲೆನ್ಸ್

ಯಕ್ಷಗಾನದ ಫೋಟೋ ಚೆನ್ನಾಗಿ ಬರುತ್ತಿಲ್ಲ ಎಂದರೆ ಕ್ಯಾಮೆರಾ ಅಂಗಡಿಯವರ ಬಳಿ ಒಂದೇ ಮದ್ದು: ‘ಹಳೆಯದನ್ನು ಕೊಟ್ಟು ಫುಲ್ ಫ್ರೇಮ್ ತೆಗೆದುಕೊಳ್ಳಿ ಸಾರ್.’ ನನ್ನದು 2014ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾನನ್ 1200ಡಿ. ದೊಡ್ಡ ಸೆನ್ಸರ್‌ನ, ಲಕ್ಷ ದಾಟುವ ಆ ಫುಲ್ ಫ್ರೇಮ್ ಕ್ಯಾಮೆರಾ ನನಗೆ ಎಟಕುವುದಿಲ್ಲ. ಹತ್ತು ಸಾವಿರದ ಆಸುಪಾಸಿನ 50 ಎಂಎಂ ಎಫ್ 1.8 ಎಸ್‌ಟಿಎಂ ಲೆನ್ಸ್ ಕೊಂಡು, ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟ ಶುರು ಮಾಡಿದಲ್ಲಿಂದ ಅದು ಮುಗಿಯುವ ಪತ್ತನಾಜೆಯವರೆಗೂ ಅದನ್ನೇ ಬಳಸಿದೆ.

ಕ್ಯಾಮೆರಾದ ಜೊತೆ ಬಂದಿದ್ದ 18-55 ಲೆನ್ಸ್, ಪೂರ್ತಿ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಅಗಲ ತೆರೆದು ಹೆಚ್ಚು ಬೆಳಕು ಬಿಡುತ್ತದೆ). ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆಯಾದ ಐಎಸ್‌ಒವನ್ನು 6400ಕ್ಕೆ ಏರಿಸಿದರೂ ಶಟರ್ ವೇಗ 1/60 ಸೆಕೆಂಡು ದಾಟುತ್ತಿರಲಿಲ್ಲ; ತರುಣ ವೀರರ ಪಾತ್ರವಾದ ಪುಂಡುವೇಷದ ಧಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಬರೀ ಬಣ್ಣದ ಗೀಟಾಗುತ್ತಿತ್ತು. ಹೊಸ ಲೆನ್ಸನ್ನು ಎಫ್ 2ರಲ್ಲಿಟ್ಟರೆ ಒಳಬರುವ ಬೆಳಕು ಎಂಟು ಪಟ್ಟು. ಐಎಸ್‌ಒ 3200ಕ್ಕೆ ಇಳಿಸಿಯೂ 1/250 ಸಿಗುತ್ತದೆ. ಹಾರಿದ ಕಾಲಿನ ಗೆಜ್ಜೆ ಎಣಿಸುವಷ್ಟು ಸ್ಪಷ್ಟವಲ್ಲದಿದ್ದರೂ ಗೆಜ್ಜೆಯೆಂದು ಗೊತ್ತಾಗುತ್ತದೆ. ಹಳೆಯ ಲೆನ್ಸಿನಲ್ಲಿದ್ದ ಅಲುಗಾಟ ತಡೆಯುವ ವ್ಯವಸ್ಥೆ ಇದರಲ್ಲಿಲ್ಲ. ಅಲುಗುವುದು ನಮ್ಮ ಕೈಯಲ್ಲ, ವೇಷ, ಹಾಗಾಗಿ ನಷ್ಟವೇನಿಲ್ಲ.

ವೇಷ ಕಟ್ಟುವ ಚೌಕಿಯಲ್ಲಿ ಇದರ ಗಮ್ಮತ್ತೇ ಬೇರೆ. 35 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಹಿಡಿದು ಮುಖಕ್ಕೆ ಹಿಟ್ಟಿನ ಚುಕ್ಕಿಗಳ ಚಿಟ್ಟಿ ಇಡುವಾಗ, ಕೆನ್ನೆಯ ಮೇಲೆ ಒಣಗುತ್ತಿರುವ ಅಕ್ಕಿಹಿಟ್ಟಿನ ಮುಳ್ಳುಗಳು, ಕಡ್ಡಿಯ ತುದಿಯಲ್ಲಿ ಇನ್ನೂ ಹಸಿಯಾಗಿರುವ ಹಿಟ್ಟು, ಎಲ್ಲವೂ ಸಿಕ್ಕಿತು. ಅಷ್ಟು ಹತ್ತಿರದಲ್ಲಿ ಎಫ್ 1.8 ಮಾತ್ರ ಬೇಡ. ರೆಪ್ಪೆ ಸ್ಪಷ್ಟವಾದರೆ ಕಿವಿ ಮಸುಕು. ನಾನು ಎಫ್ 4ರಲ್ಲಿಡುತ್ತೇನೆ.

ಈ ಕ್ಯಾಮೆರಾದ ಚಿಕ್ಕ ಸೆನ್ಸರ್‌ನಿಂದಾಗಿ 50 ಎಂಎಂ ಎಂಬುದು 80 ಎಂಎಂನಂತೆ, ಅಂದರೆ ಇನ್ನೂ ಹತ್ತಿರ ಎಳೆದಂತೆ, ಕಾಣುತ್ತದೆ. ಇಡೀ ರಂಗಸ್ಥಳ ಬೇಕೆಂದರೆ ಹಿಂದೆ ಸರಿಯಬೇಕು, ಹಿಂದೆ ಕುರ್ಚಿ ಹಾಕಿ ಕುಳಿತವರು ಬಿಡಬೇಕಲ್ಲ! ಅದಕ್ಕೆ 18-55 ಇನ್ನೂ ಚೀಲದಲ್ಲಿದೆ.

ಲೆನ್ಸ್ ಗುಣಪಡಿಸದ ಕಾಯಿಲೆಯೂ ಇದೆ. 1200ಡಿಯ ಒಂಬತ್ತು ಫೋಕಸ್ ಬಿಂದುಗಳಲ್ಲಿ ಮಂದ ಬೆಳಕಿಗೆ ನಂಬಬಹುದಾದದ್ದು ನಡುವಿನದು ಮಾತ್ರ. ಸೆಕೆಂಡಿಗೆ ಮೂರೇ ಚಿತ್ರ. ಮಂಡಿ ಕುಣಿತವನ್ನು ಬೆನ್ನಟ್ಟಿ ತೆಗೆಯಲೇಬೇಕೆನ್ನುವವರು ಹೊಸ ಕ್ಯಾಮೆರಾಕ್ಕೇ ಹಣ ಕೂಡಿಡಲಿ. ಆಗಲೂ ಈ ಲೆನ್ಸ್ ವ್ಯರ್ಥವಲ್ಲ, ಅಡಾಪ್ಟರ್ ಹಾಕಿದರೆ ಕ್ಯಾನನ್ನಿನ ಆರ್ ಸರಣಿಯ ಮಿರರ್‌ಲೆಸ್‌ಗೂ ಕೂರುತ್ತದೆ.

ಇದಕ್ಕಿಂತ ಅಗ್ಗಕ್ಕೆ ಇದೇ ಲೆನ್ಸಿನ 1990ರ ಮಾದರಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಕ್ಯಾಮೆರಾಕ್ಕೆ ಕೂರುವ ಅದರ ಮೌಂಟ್ ಪ್ಲಾಸ್ಟಿಕ್, ಫೋಕಸ್ ಮಾಡುವಾಗ ಗರಗರ ಸದ್ದು. ವೇಷಧಾರಿಗಳ ಮಾತಿನ ಭಾಗವಾದ ಅರ್ಥಗಾರಿಕೆ ನಡೆಯುವಾಗ ಮುಂದಿನ ಸಾಲಿನಲ್ಲಿ ಕೂತು ಅದನ್ನು ಬಳಸುವ ಧೈರ್ಯ ನನಗಿಲ್ಲ.