ಕಣಿವೆ ಹೊಲಕ್ಕೆ ಫ್ರಾಸ್ಟ್ ಮುನ್ಸೂಚನೆ ಸೇವೆ: ಎರಡು ಚಳಿಗಾಲ ಬಳಸಿದ ಮೇಲೆ

ನನ್ನ ಹೊಲ ಇರುವುದು ಕಣಿವೆಯ ತಳದಲ್ಲಿ. ಒಂದು ಕಡೆ ಆಲೂಗಡ್ಡೆ, ಇನ್ನೊಂದು ಕಡೆ ಸೇಬಿನ ಮರಗಳು. ಮೋಡ ಇಲ್ಲದ, ಗಾಳಿ ಆಡದ ರಾತ್ರಿ ಬಂತು ಅಂದರೆ ನಿದ್ದೆ ಬರುವುದಿಲ್ಲ, ಎಲ್ಲಿ ಫ್ರಾಸ್ಟ್ ಬೀಳುತ್ತದೋ, ಅಂದರೆ ಸೊನ್ನೆಗಿಂತ ಕೆಳಗಿಳಿದ ಚಳಿಗೆ ಎಲೆ, ಹೂ ಸುಟ್ಟ ಹಾಗೆ ಸಾಯುತ್ತವೋ ಅಂತ ಭಯ. ಅದಕ್ಕೇ ಎರಡು ವರ್ಷದ ಹಿಂದೆ ಚಂದಾ ಕಟ್ಟಿ ಒಂದು ಫ್ರಾಸ್ಟ್ ಮುನ್ಸೂಚನೆ ಸೇವೆ ತೆಗೆದುಕೊಂಡೆ. ಕಂಪನಿಯ ಹೆಸರು ಬೇಡ, ಬೈಯುವುದು ಸ್ವಲ್ಪ ಜಾಸ್ತಿ ಇದೆ.

ಮೊದಲು ಅವರ ಮೂರು ತಿಂಗಳ ಚಳಿಗಾಲದ ಮುನ್ನೋಟ. ಬಣ್ಣಬಣ್ಣದ ನಕ್ಷೆ, ನೋಡೋಕೆ ಚೆನ್ನಾಗಿದೆ. 'ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ 50%' ಅಂತ ಬರೆದಿತ್ತು. ಅರ್ಧಕ್ಕರ್ಧ ಅಂದರೆ ನಾಣ್ಯ ಚಿಮ್ಮಿದ ಹಾಗಲ್ವಾ ಅಂದುಕೊಂಡೆ. ಹಾಗಲ್ಲ. ಇಂಥ ನಕ್ಷೆಗಳಲ್ಲಿ ಚಳಿ ಜಾಸ್ತಿ, ವಾಡಿಕೆಯಷ್ಟು, ಬೆಚ್ಚಗೆ ಅಂತ ಮೂರು ಪಾಲು ಇರುತ್ತವೆ, ಏನೂ ಸುಳಿವು ಇಲ್ಲದಿದ್ದರೆ ಒಂದೊಂದಕ್ಕೂ ಸುಮಾರು 33%, ಹಾಗಾಗಿ 50 ಅಂದರೆ ತಕ್ಕಡಿ ಒಂದು ಕಡೆ ವಾಲಿದೆ ಅಂತ ಅಷ್ಟೇ. ಪೆಸಿಫಿಕ್ ಸಾಗರದ ನೀರು ಕಾದಿದೆಯಾ ತಣ್ಣಗಿದೆಯಾ, ಅಂದರೆ ಎಲ್ ನಿನೋನಾ ಲಾ ನಿನಾನಾ ಅನ್ನುವುದರ ಮೇಲೆ ಈ ಲೆಕ್ಕ ಬಹಳಷ್ಟು ನಿಂತಿರುತ್ತದೆ. ಯಾವ ರಾತ್ರಿ ಎಲೆ ಸುಡುತ್ತದೆ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ವಿಷಯ, ಇದನ್ನು ಅವರು ಎಲ್ಲೂ ಹೇಳುವುದಿಲ್ಲ. ಚಳಿಗಾಲ ಬೆಚ್ಚಗಿದ್ದರೆ ಸೇಬಿಗೆ ಅಪಾಯ ಕಡಿಮೆ ಆಗಬೇಕಂತೇನಿಲ್ಲ, ಕೆಲವು ಸಲ ಜಾಸ್ತಿಯೇ ಆಗುತ್ತದೆ. ಮೊಗ್ಗು ಬೇಗ ಒಡೆಯುತ್ತದೆ, ಆಮೇಲೆ ಒಂದೇ ಒಂದು ಚಳಿ ರಾತ್ರಿ ಸಾಕು. ಎಲೆ ಉದುರಿಸಿ ಮಲಗಿದ ಮರ ಮೈನಸ್ 20 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ, ಅದೇ ಮರ ಪೂರ್ತಿ ಹೂ ಬಿಟ್ಟಾಗ ಮೈನಸ್ 2ರ ಹತ್ತಿರವೇ ಹತ್ತರಲ್ಲಿ ಒಂದು ಹೂ ಸಾಯುತ್ತದೆ, ಮೈನಸ್ 4ಕ್ಕೆ ಹೆಚ್ಚುಕಡಿಮೆ ಎಲ್ಲ ಹೋಯಿತು ಅಂತಲೇ.

ಇನ್ನು ರಾತ್ರಿಯ ಎಚ್ಚರಿಕೆ. ದುಡ್ಡು ಕೊಟ್ಟಿದ್ದು ಇದಕ್ಕೇ. ಮೊದಲ ಚಳಿಗಾಲದಲ್ಲಿ ಒಂದು ದಿನ 'ಕನಿಷ್ಠ 2 ಡಿಗ್ರಿ, ಫ್ರಾಸ್ಟ್ ಇಲ್ಲ' ಅಂತ ಬಂತು. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಬಿಳಿ. ಬಿಸಿಲು ಏರುವ ಹೊತ್ತಿಗೆ ಆಲೂಗಡ್ಡೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಗೆ ಜೋತುಬಿದ್ದಿದ್ದವು. ಸಿಟ್ಟಿನಲ್ಲಿ ಫೋನ್ ಮಾಡಿದರೆ, 'ನಮ್ಮ ಲೆಕ್ಕ ಸರಿಯಾಗೇ ಇದೆ ಸರ್' ಅಂದರು. ಬೇಜಾರಾಗಿದ್ದು ಯಾಕೆಂದರೆ ಅವರು ಹೇಳಿದ್ದು ನಿಜವೇ ಆಗಿತ್ತು.

ಹವಾಮಾನದವರು ಹೇಳುವ ತಾಪಮಾನ ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದ್ದು, ಅದೂ ನೆರಳಿನದ್ದು. ಶಾಂತ ರಾತ್ರಿಯಲ್ಲಿ ನೆಲದ ಕಾವು ನೇರ ಆಕಾಶಕ್ಕೆ ಹೋಗಿಬಿಡುತ್ತದೆ, ಆಗ ಗಿಡದ ಎಲೆ ಇರುವಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಕಡಿಮೆ ಇರಬಹುದು. ಜೊತೆಗೆ ತಣ್ಣನೆ ಗಾಳಿ ಭಾರ, ನೀರಿನ ಹಾಗೇ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ದಟ್ಟ ಬೇಲಿ ಅಡ್ಡ ಇದ್ದರೆ ಅಲ್ಲೇ ಕೆರೆ ಕಟ್ಟಿದ ಹಾಗೆ. ಇಡೀ ಲೋಕದ ಹವೆಯ ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾಡೆಲ್‌ಗಳಲ್ಲಿ ಚೆನ್ನಾಗಿರುವ ಯುರೋಪಿನದ್ದೇ ಒಂದು ಚೌಕಕ್ಕೆ ಸುಮಾರು 9 ಕಿಲೋಮೀಟರ್ ಹಿಡಿಯುತ್ತದೆ, ಆ ಚೌಕದೊಳಗೆ ಗುಡ್ಡ, ಕಣಿವೆ, ನನ್ನ ಹೊಲ ಎಲ್ಲ ಕಲಸಿ ಒಂದೇ ಸಂಖ್ಯೆ. ಇದೆಲ್ಲ ಅವರಿಗೆ ಗೊತ್ತು. ಚಂದಾ ಕಟ್ಟುವಾಗ 'ನಿಮ್ಮ ಹೊಲ ತಗ್ಗಿನಲ್ಲಿದೆಯಾ?' ಅಂತ ಒಂದು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು. ನನ್ನ ದೊಡ್ಡ ದೂರು ಇದೇ.

ಎರಡನೇ ಚಳಿಗಾಲಕ್ಕೆ ಕನಿಷ್ಠ ತಾಪಮಾನ ತೋರಿಸುವ ಒಂದು ಥರ್ಮಾಮೀಟರ್ ತಂದು ಹೊಲದ ತೀರಾ ತಗ್ಗಿನ ಮೂಲೆಯಲ್ಲಿ, ಗಿಡದ ಎತ್ತರಕ್ಕೆ ಕಟ್ಟಿದೆ. ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಅವರ ಅಂಕಿ, ಪಕ್ಕದಲ್ಲಿ ನನ್ನದು. ತಿಂಗಳಲ್ಲೇ ಗೊತ್ತಾಯಿತು: ಮೋಡವೋ ಗಾಳಿಯೋ ಇದ್ದರೆ ಎರಡೂ ಹೆಚ್ಚುಕಡಿಮೆ ಒಂದೇ, ಶುಭ್ರ ರಾತ್ರಿಯಲ್ಲಿ ನನ್ನದು ಮೂರು ಡಿಗ್ರಿ ಕಡಿಮೆ, ಒಮ್ಮೊಮ್ಮೆ ನಾಲ್ಕೂವರೆ. ಆಪ್‌ನಲ್ಲಿ ಎಷ್ಟು ಡಿಗ್ರಿಗೆ ಎಚ್ಚರಿಸಬೇಕು ಅಂತ ನಾವೇ ಹಾಕಿಕೊಳ್ಳಬಹುದು, ನಾನು 5 ಅಂತ ಹಾಕಿದೆ. ಆಮೇಲೆ ಸುಮ್ನೆ ಎದ್ದು ಓಡಾಡಿದ್ದು ಬಹಳ ಕಡಿಮೆ. ಈ ಸೌಲಭ್ಯಕ್ಕೆ ಪೂರ್ತಿ ಅಂಕ.

ಅವರ ಹತ್ತಿರ ಇರುವ ನಿಜವಾದ ಮಾಲು ಅಂದರೆ ಇಬ್ಬನಿ ಬಿಂದುವಿನ ಅಂಕಿ, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಇಬ್ಬನಿ ಕಟ್ಟಲು ಶುರುವಾಗುತ್ತದೆ ಅನ್ನುವುದು. ಅದನ್ನು ಮೂರನೇ ಪುಟದಲ್ಲಿ ಬಚ್ಚಿಟ್ಟಿದ್ದಾರೆ, ಮೊದಲ ಪುಟದಲ್ಲಿ ಮಾತ್ರ ಹಿಮದ ಹರಳು ತಿರುಗುತ್ತಿರುತ್ತದೆ! ಇಬ್ಬನಿ ಬಿಂದು ಮೇಲೆ ಇದ್ದರೆ ಬೇಗ ಇಬ್ಬನಿ ಕಟ್ಟುತ್ತದೆ, ಕಟ್ಟುವಾಗ ಸ್ವಲ್ಪ ಕಾವು ಬಿಡುತ್ತದೆ, ತಾಪಮಾನ ಇಳಿಯುವುದು ನಿಧಾನವಾಗುತ್ತದೆ. ಗಾಳಿ ಒಣಗಿದ್ದರೆ ಹಿಡಿಯುವವರೇ ಇಲ್ಲ, ಬಿಳಿ ಪದರ ಕೂಡ ಕಾಣದೆ ಎಲೆ ಕಪ್ಪಾಗುತ್ತದೆ.

ಎಚ್ಚರಿಕೆ ಬರುವುದು ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಏನು ಮಾಡೋದು? ಒದ್ದೆ ಮಣ್ಣು ಹಗಲಿನ ಬಿಸಿಲನ್ನು ಚೆನ್ನಾಗಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಆದರೆ ನೀರು ಹಾಯಿಸಬೇಕಾದ್ದು ಮುಂಚೆಯೇ. ಸ್ಪ್ರಿಂಕ್ಲರ್ ನೀರು ಎಲೆಯ ಮೇಲೆ ಹೆಪ್ಪುಗಟ್ಟುವಾಗ ಬಿಡುವ ಕಾವೇ ಗಿಡವನ್ನು ಕಾಯುವುದು, ಅದಕ್ಕೇ ಅದು ಇದ್ದವರು ಸೊನ್ನೆ ಮುಟ್ಟುವ ಮೊದಲೇ ಶುರುಮಾಡಿ, ಬೆಳಿಗ್ಗೆ ಮಂಜುಗಡ್ಡೆ ಕರಗುವವರೆಗೂ ನೀರು ಬಿಡುತ್ತಲೇ ಇರಬೇಕು, ನಡುವೆ ನಿಲ್ಲಿಸಿದರೆ ನೀರು ಆವಿಯಾಗುತ್ತಾ ಎಲೆಯನ್ನು ಇನ್ನೂ ತಣ್ಣಗೆ ಮಾಡುತ್ತದೆ. ಇದಕ್ಕೆಲ್ಲ ಮಧ್ಯಾಹ್ನವೇ ಮೆಸೇಜ್ ಬರಬೇಕು. ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆ ಎಳೆಯೋಕೆ ದೊಡ್ಡ ಫ್ಯಾನ್ ಇಟ್ಟವರಿಗೆ ಆ ಗಾಳಿ ಎಷ್ಟು ಬೆಚ್ಚಗಿದೆ ಅಂತ ಗೊತ್ತಾಗಬೇಕು, ಆ ಅಂಕಿಯೇ ಇಲ್ಲ. 'ಸಲಹೆ' ಪುಟದಲ್ಲಿ ಕಸ ಸುಟ್ಟು ಹೊಗೆ ಹಾಕಿ ಅಂತ ಬೇರೆ ಇದೆ, ನೆಲದಿಂದ ಹೋಗುವ ಕಾವನ್ನು ಹೊಗೆ ತಡೆಯುವುದೇ ಇಲ್ಲ ಅನ್ನಬಹುದು, ಕಣ್ಣು ಉರಿಯುತ್ತದೆ ಅಷ್ಟೇ.

ಸಮತಟ್ಟು ಜಾಗದವರಿಗೆ ಪುಕ್ಕಟೆ ಮುನ್ಸೂಚನೆಯೇ ಸಾಕು. ಕಣಿವೆಯಲ್ಲಿದ್ದು ನೀರೋ ಫ್ಯಾನೋ ಇದ್ದವರು ತೆಗೆದುಕೊಳ್ಳಿ, ಆದರೆ ಮೊದಲು ಥರ್ಮಾಮೀಟರ್ ತನ್ನಿ. ನನ್ನ ಅಂಕ 5ಕ್ಕೆ 3. ಈ ಸಲವೂ ಚಂದಾ ಕಟ್ಟಿದ್ದೇನೆ, ಮೂರು ತಿಂಗಳ ನಕ್ಷೆ ಬಿಟ್ಟು.